ಬ್ಯಾಟರಾಯಪ್ಪನ ಅನ್ನನಾಳ

ಕೊಡಿಗೇಹಳ್ಳಿಯ ಬ್ಯಾಟರಾಯಪ್ಪನವರು ಹುಟ್ಟಿದಾಗಿನಿಂದ ಮುದ್ದೆಗೆ ಹಲ್ಲು ತಾಗಿಸಿದವರಲ್ಲ. ಮುದ್ದೆ ನುಂಗುವ ವಸ್ತು, ಅಗಿಯಲೇಬೇಕು ಅನ್ನುವವರು ಚಪಾತಿ ತಿಂದುಕೊಳ್ಳಲಿ ಎಂಬುದು ಅವರ ಸಿದ್ಧಾಂತ. ಒಂದು ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಗಂಟಲ ಗಂಟು ಒಮ್ಮೆ ಮೇಲೆದ್ದು ಕೆಳಗಿಳಿಯುತ್ತಿತ್ತು, ಅಷ್ಟೇ. ಸೊಸೆ ಸತ್ಯವತಿ ಮದುವೆಯಾಗಿ ಬಂದ ಹೊಸದರಲ್ಲಿ ಮುದ್ದೆ ಅಗಿಯುವುದನ್ನು ಕಂಡು ಅವರು ಕೈಯ ತುತ್ತನ್ನು ತಟ್ಟೆಯಲ್ಲಿಟ್ಟು ನಕ್ಕಿದ್ದರು. "ಎಮ್ಮೆ ಮೆಲುಕಾಕ್ದಂಗೆ ಆಕ್ತೀಯಲ್ಲವ್ವ! ರಾಗಿಗೆ ಅವಮಾನ ಮಾಡ್ಬೇಡ" ಅಂದಿದ್ದರು. ತಿಗಳರ ತೋಟದಲ್ಲಿ ದುಡಿದು ಗಟ್ಟಿಯಾದ ಜೀವ ಅದು. ಬೆಳಗಾದರೆ ಸೊಪ್ಪಿನ ಮಡಿಗೆ ನೀರು ಕಟ್ಟುವುದು, ಹೊಸದಾಗಿ ಎದ್ದಿದ್ದ ಸಹಕಾರನಗರದ ಮನೆಗಳಿಗೆ ದಂಟು, ಹರಿವೆ ಹೊತ್ತು ಹೋಗುವುದು, ಮಧ್ಯಾಹ್ನ ಬಂದು ಮುದ್ದೆ ನುಂಗುವುದು. ಅವರ ದೇಹದಲ್ಲಿ ಏನಾದರೂ ಕೆಡಬಹುದು ಎಂದು ಮನೆಯಲ್ಲಿ ಯಾರೂ ಯೋಚಿಸಿರಲೇ ಇಲ್ಲ.

ಎಂಬತ್ತಮೂರನೇ ಇಸವಿಯ ಒಂದು ಭಾನುವಾರ ಅದು ಕೆಟ್ಟಿತು.

ಭಾನುವಾರದ ಅಡುಗೆ ಸತ್ಯವತಿಯದು. ಮಿಕ್ಕ ದಿನಗಳಲ್ಲಿ ಅವಳು ಬಸ್ಸು ಹಿಡಿದು ಆಸ್ಪತ್ರೆಯ ಕೆಲಸಕ್ಕೆ ಓಡುವುದರಿಂದ ಒಲೆ ಅತ್ತೆ ದ್ರೌಪದಮ್ಮನವರ ಪಾಲಿಗೆ. ಆ ದಿನ ಮಾಂಸದ ಸಾರು. ಕತ್ತಿಯೇಟಿಗೆ ಸಿಡಿದ ಮೂಳೆಚೂರುಗಳನ್ನು ನೀರಿನಲ್ಲಿ ಬೆರಳಾಡಿಸಿ ಆಯ್ದು ತೆಗೆಯಬೇಕು. ಅವಳು ಆಯ್ದಳು, ಆದರೆ ಅತ್ತ ವಾರದ ಬಟ್ಟೆ ನೆನೆದು ಕೂತಿತ್ತು, ಇತ್ತ ಮಸಾಲೆ ರುಬ್ಬಬೇಕಿತ್ತು. ಎಷ್ಟು ಆಯ್ದರೆ ಸಾಕು ಎಂದು ಯಾರಿಗೆ ಗೊತ್ತು?

ಊಟದ ನಡುವೆ ಬ್ಯಾಟರಾಯಪ್ಪನವರ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು.

"ಏನಾಯ್ತಪ್ಪ?" ಎಂದ ಮಗ ಗುಂಡಣ್ಣ.

"ಏನೋ ಚುಚ್ದಂಗಾಯ್ತು ಕಣೋ, ಇಲ್ಲಿ" ಎಂದು ಅವರು ಕತ್ತಿನ ಕೆಳಗೆ, ಎದೆಗೂಡು ಶುರುವಾಗುವ ಕಡೆ ಬೆರಳಿಟ್ಟು ತೋರಿಸಿದರು. ನೀರು ಕುಡಿದರು. ಕೆಮ್ಮಿದರು. ಹೋಗಲಿಲ್ಲ.

ದ್ರೌಪದಮ್ಮನವರು ಗಾಬರಿಯಾಗಲಿಲ್ಲ. ಆ ಸೀಮೆಯ ಹೆಂಗಸರಿಗೆ ಇದಕ್ಕೆ ಮದ್ದು ಗೊತ್ತು. "ಮೂಳೆ ಸಿಗಾಕೊಂಡದೆ, ಇನ್ನೇನು? ಒಣಮುದ್ದೆ ನುಂಗಿ, ತಳ್ಕೊಂಡು ಓಯ್ತದೆ" ಎಂದು ಸಾರು ಸೋಕಿಸದ ಮುದ್ದೆಯ ತುಂಡನ್ನು ಅಂಗೈಯಲ್ಲಿ ಉರುಟು ಮಾಡಿ ಕೊಟ್ಟರು. ಅವರು ನುಂಗಿದರು. ಮೂಳೆ ಮಿಸುಕಲಿಲ್ಲ. ಎರಡನೆಯದನ್ನು ಅದಕ್ಕಿಂತ ದೊಡ್ಡದಾಗಿ, ಗಟ್ಟಿಯಾಗಿ ಉಂಡೆ ಕಟ್ಟಿದರು. ಅದನ್ನು ನುಂಗುವಾಗ ಬ್ಯಾಟರಾಯಪ್ಪನವರ ಕಣ್ಣಲ್ಲಿ ನೀರು ಬಂತು, ಕತ್ತಿನ ನರ ಹುರಿಗಟ್ಟಿತು, ಆಮೇಲೆ ಏನೋ ಇಳಿದಂತಾಯಿತು.

"ಓಯ್ತಾ?"

"ಓಯ್ತು ಅನ್ನಿಸ್ತದೆ."

ಮನೆಯವರೆಲ್ಲ ಉಸಿರು ಬಿಟ್ಟರು. ಅವರು ಮಾತ್ರ ಗೋಡೆಗೊರಗಿ ಎದೆ ನೀವಿಕೊಳ್ಳುತ್ತ ಕೂತರು. ಆ ಹೊತ್ತಿನ ಊಟವನ್ನು ಅರ್ಧಕ್ಕೇ ಬಿಟ್ಟರು, ರಾತ್ರಿಯದನ್ನು ಬೇಡವೇ ಬೇಡ ಎಂದರು. ಬ್ಯಾಟರಾಯಪ್ಪನವರು ಊಟ ಬೇಡವೆಂದದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ.

ಬೆಳಿಗ್ಗೆ ಕಾಫಿ ಕೊಡಲು ಹೋದ ಸತ್ಯವತಿಗೆ ಮಾವನ ಕತ್ತು ದವಡೆಗೆ ಸಮವಾಗಿ ಊದಿಕೊಂಡಿರುವುದು ಕಂಡಿತು. ಮೈ ಸುಡುತ್ತಿತ್ತು. ಅಂಜುತ್ತಲೇ ಕತ್ತು ಮುಟ್ಟಿದಳು. ಚರ್ಮದ ಕೆಳಗೆ ಏನೋ ಪರಪರ ಎಂದಿತು, ಬಟ್ಟೆಯ ಕೆಳಗೆ ಹಪ್ಪಳವಿಟ್ಟು ಒತ್ತಿದ ಹಾಗೆ. ದಿನಾ ರೋಗಗಳ ಹೆಸರನ್ನೇ ಬರೆದು ಸಂಬಳ ಪಡೆಯುವವಳಿಗೆ ಇದರ ಹೆಸರು ಗೊತ್ತಿರಲಿಲ್ಲ.

"ಏಳ್ರೀ, ಆಟೋ ತನ್ನಿ" ಎಂದು ಗಂಡನನ್ನು ಎಬ್ಬಿಸಿದಳು.

ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಕರೆದೊಯ್ದರು. ಅಲ್ಲಿ ಅವಳದು ದಾಖಲೆ ವಿಭಾಗ. ರೋಗಿ ಗುಣವಾಗಿಯೋ ಇನ್ನೊಂದು ರೀತಿಯಲ್ಲೋ ಆಸ್ಪತ್ರೆ ಬಿಟ್ಟ ಮೇಲೆ ಅವನ ಫೈಲು ಅವಳ ಮೇಜಿಗೆ ಬರುತ್ತದೆ. ಡಾಕ್ಟರರ ಕೋಳಿಕಾಲು ಬರಹವನ್ನು ಬಿಡಿಸಿಕೊಂಡು, ಲೋಕದ ರೋಗಗಳಿಗೆಲ್ಲ ಸಂಖ್ಯೆ ಕೊಟ್ಟ ದಪ್ಪ ಪುಸ್ತಕ ತೆರೆದು, ಆ ರೋಗಕ್ಕೆ ಯಾವ ಸಂಖ್ಯೆಯೋ ಅದನ್ನು ಫೈಲಿನ ಮೇಲೆ ಬರೆಯಬೇಕು. ಆ ಪುಸ್ತಕದ ಒಂಬತ್ತನೆಯ ಪರಿಷ್ಕೃತ ಆವೃತ್ತಿ ಹೊಸದಾಗಿ ಬಂದಿತ್ತು. ಯಶವಂತಪುರದವನ ಟೈಫಾಯಿಡ್ಡಿಗೂ ಲಂಡನ್ನಿನವನ ಟೈಫಾಯಿಡ್ಡಿಗೂ ಒಂದೇ ಸಂಖ್ಯೆ. ಹೀಗಿದ್ದರೆ ಯಾವ ಊರಲ್ಲಿ ಯಾವ ರೋಗ ಎಷ್ಟು ಎಂದು ಲೋಕಕ್ಕೆಲ್ಲ ತಿಳಿಯುತ್ತದೆ. ದ್ರೌಪದಮ್ಮನವರು ಅಕ್ಕಪಕ್ಕದವರಿಗೆ "ನಮ್ ಸೊಸೆ ಆಸ್ಪತ್ರೇಲಿ ಲೆಕ್ಕ ಬರೀತಾಳೆ" ಅನ್ನುತ್ತಿದ್ದರು. ಅದೂ ಪೂರ್ತಿ ಸುಳ್ಳಲ್ಲ.

ಆಪರೇಷನ್ ಮುಗಿಸಿ ಬಂದ ಡಾಕ್ಟರ್ ಬದರೀನಾಥರು ಸ್ಟೀಲಿನ ತಟ್ಟೆಯಲ್ಲಿ ಮೂಳೆ ತೋರಿಸಿದರು. ಹೆಬ್ಬೆರಳಿನ ಉಗುರಿನಷ್ಟಿತ್ತು, ಒಂದು ತುದಿ ಚೂಪು.

"ಇದನ್ನ ತೆಗೆದಿದ್ದೀವಿ. ಆದ್ರೆ ಅನ್ನನಾಳ ಹರಿದಿದೆ. ನುಂಗಿದ ಗಾಳಿ ಹೊರಗೆ ಸೋರಿ ಕತ್ತಿನ ಚರ್ಮದಡಿ ಸೇರಿದೆ, ಉಗುಳು ಸೋರಿ ಎದೆ ಒಳಗೆ ಕೀವಾಗಿದೆ. ಅದಕ್ಕೊಂದು ಟ್ಯೂಬ್ ಹಾಕಿ ಹೊರಗೆ ಬರೋ ಹಾಗೆ ಮಾಡಿದೀನಿ. ನೆನ್ನೆನೇ ಬಂದಿದ್ರೆ ಹೊಲಿಗೆ ಹಾಕ್ಬಹುದಿತ್ತು. ಈಗ ಹಾಕಿದ್ರೆ ನಿಲ್ಲಲ್ಲ."

"ಕರುಳಿಗೆಲ್ಲ ಹಾಕ್ತಾರಲ್ಲ ಸಾರ್, ಇದಕ್ಕ್ಯಾಕೆ ನಿಲ್ಲಲ್ಲ?" ಎಂದಳು ಸತ್ಯವತಿ.

"ಕರುಳಿಗೆ ಹೊರಗಡೆ ಒಂದು ಪೊರೆ ಇರುತ್ತೆ, ದಾರ ಹಿಡ್ಕೊಳ್ಳುತ್ತೆ. ಅನ್ನನಾಳಕ್ಕೆ ಅದಿಲ್ಲಮ್ಮ. ಊದಿಕೊಂಡ ಮೇಲಂತೂ ಒದ್ದೆ ಕಾಗದಕ್ಕೆ ಹೊಲಿಗೆ ಹಾಕ್ದಂಗೆ. ತಾನಾಗೇ ಕೂಡ್ಕೋಬೇಕು. ನಾವು ಮಾಡಬಹುದಾದ್ದು ಒಂದೇ, ಅದರ ತಂಟೆಗೆ ಹೋಗದೆ ಇರೋದು. ಬಾಯಲ್ಲಿ ಹನಿ ನೀರೂ ಬೇಡ. ಉಗುಳು ಬಂದರೂ ಉಗೀಬೇಕು. ಊಟಕ್ಕೆ ಹೊಟ್ಟೆಗೇ ನೇರವಾಗಿ ಒಂದು ನಳಿಕೆ ಇಟ್ಟಿದೀನಿ."

"ತಾನಾಗೇ ಕೂಡುತ್ತಾ ಸಾರ್?"

"ಕೂಡಿದ್ದನ್ನ ನೋಡಿದೀನಿ. ಕೂಡದೆ ಇದ್ದಿದ್ದನ್ನೂ ನೋಡಿದೀನಿ."

ಅಲ್ಲಿಗೆ ಮನೆಯ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಬ್ಯಾಟರಾಯಪ್ಪನವರು ಇನ್ನು ಬಾಯಿಂದ ಊಟ ಮಾಡುತ್ತಾರೋ ಇಲ್ಲವೋ? ಅದಕ್ಕೂ ಮೊದಲು, ಬದುಕುತ್ತಾರೋ ಇಲ್ಲವೋ?

ಪ್ರಶ್ನೆಗೆ ಉತ್ತರ ಸಿಗುವವರೆಗೆ ಮನುಷ್ಯರು ಸುಮ್ಮನಿರುವುದಿಲ್ಲ, ತಪ್ಪು ಯಾರದೆಂದು ಹುಡುಕುತ್ತಾರೆ. ಜ್ವರ ಏರಿದ್ದ ಆ ವಾರದಲ್ಲಿ ಒಂದು ಸಂಜೆ ಅಡುಗೆಮನೆಯಲ್ಲಿ ಅದು ಸ್ಫೋಟವಾಯಿತು.

"ಅವ್ವ, ನೀನು ಆ ಎರಡನೇ ಉಂಡೆ ತುರುಕದೆ ಇದ್ದಿದ್ರೆ ಅಪ್ಪ ಇವತ್ತು ತೋಟದಲ್ಲಿರ್ತಿದ್ರು" ಎಂದುಬಿಟ್ಟ ಗುಂಡಣ್ಣ. ಯಲಹಂಕದ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ, ಆಸ್ಪತ್ರೆಗೆ ಹೋಗಿ, ಬಳಲಿ ಬಂದಿದ್ದ.

ದ್ರೌಪದಮ್ಮನವರು ಹುರಿಯುತ್ತಿದ್ದ ಬಾಣಲೆ ಇಳಿಸಿದರು. "ನಾನ್ ತುರುಕ್ದೆ ಸರಿ. ಮೂಳೆ ಯಾರು ಆಕಿದ್ದು ಸಾರ್ಗೆ? ಮಾಂಸ ತೊಳ್ಯೋಕೂ ಪುರ್ಸೊತ್ತಿಲ್ಲ ನಿನ್ ಯೆಂಡ್ತಿಗೆ. ನಾನಿದ್ದಿದ್ರೆ ಒಂದೊಂದು ಚೂರೂ ಆಯ್ತಿದ್ದೆ."

"ಆಯ್ದಿದೀನಿ ಅತ್ತೆ! ಒಂದು ಕೈತಪ್ಪಿದ್ದಕ್ಕೆ ಹಿಂಗಂತೀರಾ? ಮೂಳೆಯಿಂದ ಅಲ್ಲ ಹರಿದಿದ್ದು, ನಿಮ್ಮ ಮುದ್ದೆ ಅದನ್ನ ಗೋಡೆಗೆ ಮೊಳೆ ಹೊಡೆದ ಹಾಗೆ ಹೊಡೀತು. ಡಾಕ್ಟರನ್ನೇ ಕೇಳಿ."

"ಕೇಳ್ತೀನಿ, ಕೇಳ್ತೀನಿ! ಓದ್ದೋರೆಲ್ಲ ಒಂದೇ ಕಡೆ."

"ಫೈಲು ನನ್ನ ಟೇಬಲ್ಲಿಗೇ ಬರೋದು ಅತ್ತೆ" ಎಂದಳು ಸತ್ಯವತಿ. ಸಿಟ್ಟು ಅವಳ ನೆತ್ತಿಗೇರಿತ್ತು. "ಆ ಪುಸ್ತಕದಲ್ಲಿ ಎಲ್ಲದಕ್ಕೂ ನಂಬರ್ ಇದೆ. ಏನಾಯ್ತು ಅನ್ನೋದಕ್ಕೂ ಇದೆ, ಯಾರಿಂದ ಆಯ್ತು ಅನ್ನೋದಕ್ಕೂ ಇದೆ. ಬರ್ದೇ ಬರೀತೀನಿ."

ಅತ್ತೆ ಬಾಣಲೆಯನ್ನು ಮತ್ತೆ ಒಲೆಯ ಮೇಲಿಡಲಿಲ್ಲ. ಗುಂಡಣ್ಣ ಕೈತೊಳೆದು ಹೊರಗೆ ಹೋದ. ಆ ದಿನದಿಂದ ದ್ರೌಪದಮ್ಮನವರು ಮುದ್ದೆಕೋಲು ಮುಟ್ಟಲಿಲ್ಲ. ಮನೆಯಲ್ಲಿ ಅನ್ನವೇ ಆಯಿತು.

ಬ್ಯಾಟರಾಯಪ್ಪನವರು ಸಾಯಲಿಲ್ಲ. ಜ್ವರ ಮೊದಲು ಹಟ ಹಿಡಿಯಿತು, ಆಮೇಲೆ ದಿನದಿನಕ್ಕೆ ಸೋತಿತು. ಕೀವಿನ ಟ್ಯೂಬು ತೆಗೆದರು. ವಾರಗಳಾದ ಮೇಲೆ, ಸೊಸೆ ಆಸ್ಪತ್ರೆಯವಳು, ನೋಡಿಕೊಳ್ಳುತ್ತಾಳೆ ಎಂದು ಹೊಟ್ಟೆಯ ನಳಿಕೆಯ ಸಮೇತ ಮನೆಗೆ ಕಳಿಸಿದರು. ಅರ್ಧ ಆಳು ಕರಗಿಹೋಗಿದ್ದರು. ಜೊತೆಯಲ್ಲಿ ಉಗುಳುವುದಕ್ಕೊಂದು ಮುಚ್ಚಳದ ಡಬ್ಬಿ.

ಬಾಯಿಯಿಲ್ಲದ ಊಟ ಹೇಗಿರುತ್ತದೆಂದು ಆ ಮನೆ ಆಗ ಕಲಿಯಿತು. ರಾಗಿಯ ತೆಳು ಅಂಬಲಿ, ಹಾಲು, ಕದಡಿದ ಮೊಟ್ಟೆ, ಬೇಳೆಯ ಕಟ್ಟು, ಎಲ್ಲವನ್ನೂ ಪಂಚೆಯ ಬಟ್ಟೆಯಲ್ಲಿ ಎರಡೆರಡು ಸಲ ಸೋಸಬೇಕು. ಒಂದು ಕಾಳು ಉಳಿದರೂ ನಳಿಕೆ ಕಟ್ಟುತ್ತದೆ. ಅಂಗೈಯಲ್ಲಿ ಬಿಸಿ ನೋಡಿಕೊಂಡು ಆಲಿಕೆಯಲ್ಲಿ ಸುರಿಯಬೇಕು, ಸುರಿದ ಮೇಲೆ ನೀರು ಬಿಟ್ಟು ತೊಳೆಯಬೇಕು. ಇದನ್ನೆಲ್ಲ ಸತ್ಯವತಿ ಕೆಲಸಕ್ಕೆ ಹೋಗುವ ಮುಂಚೆ, ಬಂದ ಮೇಲೆ ಮಾಡಿದಳು, ನಡುವಿನದನ್ನು ಗುಂಡಣ್ಣ ಶಿಫ್ಟು ಬದಲಿಸಿಕೊಂಡು ಮಾಡಿದ. ದ್ರೌಪದಮ್ಮನವರು ಸೋಸಿ ಕೊಡುತ್ತಿದ್ದರು, ಹತ್ತಿರ ಮಾತ್ರ ಬರುತ್ತಿರಲಿಲ್ಲ. ಟವಲು ಬೇಕೆಂದರೂ ಗಂಡನ ಕೈಗೆ ಕೊಡದೆ ಚಾಪೆಯ ಅಂಚಿನಲ್ಲಿಟ್ಟು ಸರಿದುಬಿಡುವರು.

"ಒಟ್ಟೆಗೆ ರುಚಿ ಗೊತ್ತಾಗಾಕಿಲ್ಲ ಕಣವ್ವ" ಎಂದರು ಮಾವ ಒಂದು ದಿನ, ಆಲಿಕೆಯಲ್ಲಿ ಇಳಿಯುತ್ತಿದ್ದ ಅಂಬಲಿಯನ್ನೇ ನೋಡುತ್ತ. "ಬಿಸಿ ಗೊತ್ತಾಯ್ತದೆ, ತಣ್ಣಗೆ ಗೊತ್ತಾಯ್ತದೆ. ರುಚಿ ಅನ್ನೋದು ಮೇಲ್ಗಡೆ ಅಂಗ್ಡೀದು."

ಅವರಿಗೆ ಆಸೆಯಾಗಬಾರದೆಂದು ಮನೆಯವರು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ಉಣ್ಣತೊಡಗಿದರು. ಒಗ್ಗರಣೆ ನಿಲ್ಲಿಸಿದರು. ಸಪ್ಪೆ ಸಾರು, ಸಪ್ಪೆ ಪಲ್ಯ. ಬ್ಯಾಟರಾಯಪ್ಪನವರು ಎರಡು ದಿನ ನೋಡಿದರು, ಮೂರನೆಯ ದಿನ ಗೋಡೆ ಹಿಡಿದುಕೊಂಡು ಹಿತ್ತಿಲಿಗೇ ಬಂದರು.

"ಏನ್ರೋ ಇದು, ನಾನಿದ್ದಂಗೇ ನನ್ ತಿಥಿ ಊಟ ಮಾಡ್ತಿದೀರಾ? ಎದ್ದು ಒಳಕ್ ಬನ್ನಿ. ಒಗ್ಗರಣೆ ಆಕಿ, ವಾಸನೆಯಾದ್ರೂ ತಿಂತೀನಿ."

ಅವತ್ತಿನಿಂದ ಅವರನ್ನು ಎದುರಿಗೆ ಕೂರಿಸಿಕೊಂಡೇ ಊಟ. ಇಂಗಿನ ಒಗ್ಗರಣೆ ಚಟಪಟ ಎಂದಾಗ ಅವರು ಕಣ್ಣು ಮುಚ್ಚಿ ಮೂಗು ಅರಳಿಸುತ್ತಿದ್ದರು. ಬಾಯಿ ತುಂಬ ಬಂದ ನೀರನ್ನು ಡಬ್ಬಿಗೆ ಉಗಿಯುತ್ತಿದ್ದರು. ಅದನ್ನು ನೋಡುವಾಗ ಸತ್ಯವತಿಗೆ ತುತ್ತು ಇಳಿಯುತ್ತಿರಲಿಲ್ಲ. ಇಳಿಯದ ತುತ್ತು ಗಂಟಲಲ್ಲಿ ನಿಂತಾಗ, ಅದು ನಿಂತಿರುವ ಜಾಗ ಎಂಥದು ಎಂದು ಮೊದಲ ಸಲ ಅವಳು ಯೋಚಿಸಿದಳು. ಜೀವಮಾನವೆಲ್ಲ ನುಂಗಿದ್ದಾಳೆ, ಒಮ್ಮೆಯೂ ಗಮನಿಸಿಲ್ಲ.

ಫೈಲು ಅವಳ ಮೇಜಿಗೆ ಬಂದೇ ಬಂತು.

ಅವಳು ಅದನ್ನು ತೆರೆಯದೆ ವಿಭಾಗದ ಮುಖ್ಯಸ್ಥ ಮೊಯಿನುದ್ದೀನ್ ಸಾಹೇಬರ ಬಳಿ ತಂದಳು. "ಸಾರ್, ಇದನ್ನ ಬೇರೆಯವರ ಹತ್ರ ಮಾಡ್ಸಿ. ನಮ್ಮ ಮಾವಂದು."

"ನಿಮ್ಮ ಮಾವ ಅಂತ ನಂಬರ್ ಬದಲಾಗುತ್ತೇನಮ್ಮ? ಕೂತ್ಕೊಂಡು ಮಾಡಿ. ನಾನು ನೋಡ್ತೀನಿ."

ಅವಳು ಮಾಡಿದಳು. ಇಷ್ಟು ದಿನ ಅವಳ ಮನಸ್ಸಿನಲ್ಲೇ ಒಂದು ಪಾಲುಪಟ್ಟಿ ಆಗಿಹೋಗಿತ್ತು. ಮೂಳೆ ತನ್ನ ಪಾಲು, ಹರಿದದ್ದು ಅತ್ತೆಯ ಪಾಲು. ಅಂದಿನ ಸಿಟ್ಟು ಈಗ ಇರಲಿಲ್ಲ. ಚಾಪೆಯಂಚಿನಲ್ಲಿ ಟವಲಿಟ್ಟು ಸರಿಯುವ ಅತ್ತೆಯನ್ನು ನೋಡಿ ನೋಡಿ ಅದು ಕರಗಿತ್ತು. ಹೋಗಲಿ, ಎಲ್ಲ ನನ್ನ ಮೇಲೇ ಇರಲಿ ಎಂದು, ಅನ್ನನಾಳದಲ್ಲಿ ಹೊರವಸ್ತು ಸಿಕ್ಕಿಕೊಂಡದ್ದಕ್ಕೆ ಇರುವ ಒಂಬೈನೂರ ಮೂವತ್ತೈದನ್ನು ಬರೆದು, ಇನ್ನೇನೂ ಬರೆಯದೆ ಫೈಲು ಮುಚ್ಚಿ ಕೊಟ್ಟಳು.

ಸಾಹೇಬರು ಕನ್ನಡಕ ಏರಿಸಿಕೊಂಡು ಓದಿದರು. "ಮೂಳೆ ಯಾವತ್ತು ತೆಗೆದ್ರು?"

"ಬಂದ ದಿನಾನೇ."

"ಮತ್ತೆ ಇಷ್ಟು ವಾರ ಮನುಷ್ಯ ಮಲಗಿದ್ದು ಯಾತಕ್ಕೆ? ಇಲ್ಲದೆ ಇರೋ ಮೂಳೆಗಾ?"

ಸಾಹೇಬರು ಡಾಕ್ಟರರ ಬರಹದ ಮೇಲೆ ಬೆರಳಿಟ್ಟರು.

"ಹರಿದಿದೆಯಲ್ಲಮ್ಮ. ಅದು ಮೊದಲು ಬರಬೇಕು. ಯಾಕೆ ಬಿಟ್ರಿ?"

ಅವಳು ತಡೆತಡೆದು ಹೇಳಿದಳು, ಒಣಮುದ್ದೆಯ ಕಥೆ, ಅಡುಗೆಮನೆಯ ಜಗಳ, ತಾನು ಹಾಕಿದ ಬೆದರಿಕೆ. ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ.

"ಇದು ದೊಡ್ಡತನ ತೋರ್ಸೋ ಜಾಗ ಅಲ್ಲ" ಎಂದರು. "ಹರಿದಿದ್ದನ್ನ ನೀವು ಬಿಟ್ರೆ ಬೆಂಗಳೂರಲ್ಲಿ ಯಾರ ಅನ್ನನಾಳವೂ ಹರಿದಿಲ್ಲ ಅಂತಾಗುತ್ತೆ. ನಾಳೆ ಇನ್ನೊಂದು ಮನೇಲಿ ಇದೇ ಒಣಮುದ್ದೆ ಕೊಡ್ತಾರೆ. ಹೋಗಿ, ಎಲ್ಲಿ ಹರಿದಿದೆ ಕೇಳ್ಕೊಂಡು ಬನ್ನಿ, ಕತ್ತಲ್ಲಾ, ಎದೇಲಾ. ಪುಸ್ತಕದಲ್ಲಿ ಎರಡೂ ಬೇರೆ ಬೇರೆ."

ಡಾಕ್ಟರ್ ಬದರೀನಾಥರು ವಾರ್ಡಿನ ಸುತ್ತು ಮುಗಿಸಿ ಕಾಫಿ ಕುಡಿಯುತ್ತಿದ್ದರು. ಪ್ರಶ್ನೆ ಕೇಳಿ ಅವರಿಗೆ ಖುಷಿಯಾಯಿತು. ಕೇಸ್‌ಶೀಟಿನ ಹಿಂಬದಿಯಲ್ಲಿ ಗೆರೆ ಎಳೆಯುತ್ತ ಹೇಳಿದರು. "ನೀವೆಲ್ಲ ಇದನ್ನ ಪೈಪು ಅಂದ್ಕೊಂಡಿದೀರಿ. ಪೈಪಲ್ಲಮ್ಮ. ಖಾಲಿ ಇದ್ದಾಗ ಮಡಿಸಿದ ಬಟ್ಟೆ ಹಾಗೆ ಚಪ್ಪಟೆಯಾಗಿ ಮಲಗಿರುತ್ತೆ. ತುತ್ತು ಬಂದಾಗ ಮಾತ್ರ ಮುಂದೆ ತೆರ್ಕೊಳ್ಳುತ್ತೆ, ಹಿಂದೆ ಮುಚ್ಕೊಳ್ಳುತ್ತೆ, ತಳ್ಕೊಂಡು ಹೋಗುತ್ತೆ. ನೀವು ತಲೆಕೆಳಗಾಗಿ ನಿಂತು ನೀರು ಕುಡಿದ್ರೂ ಹೊಟ್ಟೆಗೇ ಸೇರುತ್ತೆ. ಇಲ್ಲಿ ಕತ್ತಲ್ಲಿ ಶುರು. ಉಸಿರಿನ ಕೊಳವೆ ಬೆನ್ನಿಗೆ ಅಂಟ್ಕೊಂಡು ಎದೆಗೆ ಇಳಿಯುತ್ತೆ. ದೊಡ್ಡ ರಕ್ತನಾಳದ ಪಕ್ಕ ನುಸುಳಿ, ಹೃದಯದ ಹಿಂದುಗಡೆಯಿಂದ ಹಾದು ಹೊಟ್ಟೆಗೆ. ನಿಮ್ಮ ಮಾವನಿಗೆ ಹರಿದಿರೋದು ಇಲ್ಲಿ, ಎದೆ ಒಳಗೆ."

"ಹೃದಯದ ಹಿಂದೆಯಾ ಸಾರ್?"

"ಹಿಂದೇನೇ, ಅಂಟ್ಕೊಂಡ ಹಾಗೆ. ಪ್ರತಿ ತುತ್ತೂ ಅದರ ಬೆನ್ನು ಸವರ್ಕೊಂಡೇ ಹೋಗೋದು."

ಸತ್ಯವತಿ ಆ ಪೆನ್ಸಿಲ್ ಗೆರೆಯನ್ನೇ ನೋಡುತ್ತ ನಿಂತಳು. ಮಾವ ಹುಟ್ಟಿದಂದಿನಿಂದ ನುಂಗಿದ ಮುದ್ದೆಗಳೆಲ್ಲ ಮಿಡಿಯುವ ಹೃದಯದ ಬೆನ್ನು ಸವರಿಕೊಂಡು ಹೋಗಿವೆ. ಒಂದು ದಿನವೂ ಎರಡಕ್ಕೂ ತಂಟೆಯಾಗಿಲ್ಲ. ಮಾಂಸದ ಮಡಿಕೆಯೊಂದು ಯಾರ ಅಪ್ಪಣೆಗೂ ಕಾಯದೆ, ಯಾರ ಮೆಚ್ಚುಗೆಯನ್ನೂ ಕೇಳದೆ, ಒಂದು ಮನೆಯನ್ನು ಸಾಕಿದೆ. ಇಷ್ಟು ವರ್ಷ ತಾನು ಸಂಖ್ಯೆ ಬರೆದದ್ದು ಇಂಥ ಅದ್ಭುತಗಳ ಮೇಲೋ ಅನ್ನಿಸಿ, ಡಾಕ್ಟರರ ಮುಂದೆ ಕಣ್ಣಲ್ಲಿ ನೀರು ಬಂದೀತೆಂದು ಬೇಗ ಬೇಗ ಮೆಟ್ಟಿಲಿಳಿದಳು.

ಪುಸ್ತಕದಲ್ಲಿ ಹೃದಯಕ್ಕೂ ಶ್ವಾಸಕೋಶಕ್ಕೂ ಸೇರಿ ತಮ್ಮದೇ ಒಂದು ಸಂಖ್ಯೆಯಿತ್ತು. ಅನ್ನನಾಳ ಮುಂದಿನದರಲ್ಲಿ, ಎಂಟುನೂರ ಅರವತ್ತೆರಡರಲ್ಲಿ, ಎದೆಯೊಳಗಿನ 'ಇತರ ಅಂಗಗಳ' ಗುಂಪಿನಲ್ಲಿ ಸೇರಿಹೋಗಿತ್ತು. ಅದನ್ನು ಮೊದಲು ಬರೆದಳು. ಕೆಳಗೆ ಮೂಳೆಯ ಒಂಬೈನೂರ ಮೂವತ್ತೈದು. ಕೊನೆಯಲ್ಲಿ ಕಾರಣದ ಅಧ್ಯಾಯ. ಅತ್ತೆಗೆ ಅವಳು ಬೆದರಿಕೆ ಹಾಕಿದ್ದು ಇದನ್ನೇ ನೆಚ್ಚಿಕೊಂಡು. ಈಗ ಹಾಳೆ ತಿರುವಿ ತಿರುವಿ ನೋಡಿದಳು. ಆಕಸ್ಮಿಕವೋ, ತಾನೇ ಬೇಕೆಂದು ಮಾಡಿಕೊಂಡದ್ದೋ, ಬೇರೆಯವರು ಬೇಕೆಂದು ಮಾಡಿದ್ದೋ, ತಿಳಿಯದೋ ಎಂದು ಪುಸ್ತಕ ಕೇಳುತ್ತಿತ್ತು. ಅಷ್ಟೇ ಕೇಳುತ್ತಿತ್ತು. ಆಕಸ್ಮಿಕ ಎಂದು ಬರೆದಳು. ಬರೆಯುವಾಗ ಕೈ ಹಗುರಾಯಿತು.

ಸಂಜೆ ಅಂಬಲಿ ಸೋಸುತ್ತಿದ್ದ ಅತ್ತೆಯ ಪಕ್ಕ ಹೋಗಿ ಕೂತಳು.

"ಫೈಲು ಬಂದಿತ್ತು ಅತ್ತೆ."

ದ್ರೌಪದಮ್ಮನವರ ಕೈ ಬಟ್ಟೆ ಹಿಂಡುವುದನ್ನು ನಿಲ್ಲಿಸಿತು. "ನನ್ ಎಸ್ರು ಬರುದ್ಯಾ?"

"ಇಲ್ಲ. ಯಾರ ಹೆಸರಿಗೂ ಜಾಗ ಇಲ್ಲ ಅದರಲ್ಲಿ. ಅವತ್ತು ನಾನು ಸಿಟ್ಟಲ್ಲಿ ಸುಳ್ಳು ಹೇಳ್ದೆ. ಆಕಸ್ಮಿಕ ಅಂತ ಬರ್ದಿದೀನಿ. ನಿಜಾನೂ ಅದೇ."

"ಮೂಳೆದು?"

"ಅದೂ ಇದೆ. ಅದೂ ಆಕಸ್ಮಿಕಾನೇ."

ಆಮೇಲೆ ಅವಳು ನೀರಿನಲ್ಲಿ ಅದ್ದಿದ ಬೆರಳಿಂದ ನೆಲದ ಮೇಲೆ ಗೆರೆ ಎಳೆದು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದಳು. ಅತ್ತೆ ಬಾಯಿ ತೆರೆದುಕೊಂಡು ಕೇಳಿದರು. ಅನ್ನನಾಳವನ್ನು ಇತರರ ಗುಂಪಿಗೆ ಹಾಕಿದ್ದಾರೆ ಅಂದಾಗ ಮಾತ್ರ ಅವರಿಗೆ ಸಿಟ್ಟು ಬಂತು.

"ಮೂರೊತ್ತೂ ಊಟ ಸಾಗ್ಸೋದಕ್ಕೆ ಒಂದ್ ಎಸ್ರು ಬ್ಯಾಡ್ವ? ಯಾರೋ ಗಂಡ್ಸರೇ ಬರ್ದಿರ್ಬೇಕು ಆ ಪುಸ್ತಕ."

ಆ ಜಗಳವಾದ ಮೇಲೆ ಮೊದಲ ಸಲ ಇಬ್ಬರೂ ನಕ್ಕರು. ನಗು ನಿಂತ ಮೇಲೆ ದ್ರೌಪದಮ್ಮನವರು ಬಟ್ಟೆ ಹಿಂಡುತ್ತ, "ಪುಸ್ತಕ ಬುಟ್ತು ಕಣವ್ವ. ನನ್ ಕೈ ಬುಡಾಕಿಲ್ವಲ್ಲ. ಈ ಕೈಯಲ್ಲೇ ಅಲ್ವ ಉಂಡೆ ಕಟ್ಟಿದ್ದು" ಎಂದರು. ಸತ್ಯವತಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡಿದಳು.

ಕಡೆಗೆ ಪರೀಕ್ಷೆಯ ದಿನ ಬಂತು. ಕ್ಷಕಿರಣದ ಕೋಣೆಯಲ್ಲಿ ಬ್ಯಾಟರಾಯಪ್ಪನವರನ್ನು ನಿಲ್ಲಿಸಿ, ತೆರೆಯ ಮೇಲೆ ಕಾಣುವಂಥ ಒಂದು ಔಷಧಿಯನ್ನು ನುಂಗಿಸಿ ನೋಡುವುದು. ಗಾಯ ಕೂಡಿದ್ದರೆ ಔಷಧಿ ನೆಟ್ಟಗೆ ಹೊಟ್ಟೆಗೆ ಇಳಿಯುತ್ತದೆ. ಕೂಡದಿದ್ದರೆ ಪಕ್ಕಕ್ಕೆ ಸೋರುತ್ತದೆ. ಸೋರಿದರೆ ನಳಿಕೆಯೇ ಗತಿ, ಬಹುಶಃ ಇನ್ನೊಂದು ದೊಡ್ಡ ಆಪರೇಷನ್. ಸತ್ಯವತಿಯನ್ನು ಸಿಬ್ಬಂದಿಯೆಂದು ಒಳಗೆ ಬಿಟ್ಟರು. ಗುಂಡಣ್ಣ, ದ್ರೌಪದಮ್ಮ ಹೊರಗೆ ಬೆಂಚಿನ ಮೇಲೆ.

ಕೋಣೆ ಮಬ್ಬುಗತ್ತಲು. ತೆರೆಯ ಮೇಲೆ ಮಾವನ ಎದೆಗೂಡು ಮಂಜು ಮಂಜಾಗಿ ಕಾಣಿಸಿತು. ನರ್ಸ್ ಲೋಟ ಕೊಟ್ಟಳು.

"ಬಾಯಲ್ಲಿ ಇಟ್ಕೊಳ್ಳಿ. ನಾನು ಹೇಳಿದಾಗ ನುಂಗಿ" ಎಂದರು ಡಾಕ್ಟರ್ ಬದರೀನಾಥ್.

ಬ್ಯಾಟರಾಯಪ್ಪನವರು ಬಾಯಿಗೆ ತೆಗೆದುಕೊಂಡರು. "ನುಂಗಿ" ಅಂದಾಗ ಕತ್ತು ಬಿಗಿಯಿತು, ಮುಖ ಕೆಂಪಾಯಿತು, ನುಂಗಲಾಗಲಿಲ್ಲ. ಅಭ್ಯಾಸ ಬಲದಿಂದ ಎಲ್ಲವನ್ನೂ ತಟ್ಟೆಗೆ ಉಗಿದುಬಿಟ್ಟರು. ಇನ್ನೊಂದು ಸಲ. ಮತ್ತೆ ಉಗಿದರು. ಮುದ್ದೆಗೆ ಹಲ್ಲು ತಾಗಿಸದ ಮನುಷ್ಯ ಒಂದು ಗುಟುಕು ನೀರಿಗೆ ಹೆದರಿ ಯಂತ್ರದ ಕಂಬ ಹಿಡಿದು ನಿಂತಿದ್ದರು.

"ಹೆದರ್ಬೇಡಿ ಮಾವ, ಏನೂ ಆಗಲ್ಲ" ಎಂದಳು ಸತ್ಯವತಿ, ತನಗೇ ನಂಬಿಕೆಯಿಲ್ಲದೆ.

"ಎಂಗೆ ನುಂಗೋದು ಅಂತ್ಲೇ ಮರ್ತೋಗದೆ ಕಣವ್ವ." ಅವರು ತುಟಿ ಒರೆಸಿಕೊಂಡರು. "ಅವಳನ್ನ ಕರಿ. ಕೊಡೋದಾದ್ರೆ ಅವಳೇ ಕೊಡ್ಲಿ."

ದ್ರೌಪದಮ್ಮನವರು ಬಾಗಿಲಲ್ಲೇ ನಿಂತು ತಲೆಯಾಡಿಸಿದರು. "ನಾನ್ ಬ್ಯಾಡ. ನನ್ ಕೈಯಲ್ಲಿ ಬ್ಯಾಡ ಡಾಕ್ಟ್ರೇ, ಪಾಪಿ ಕೈ ಇದು. ನನ್ನಿಂದ್ಲೇ ಅಲ್ವ ಇಷ್ಟಾಗಿದ್ದು?"

"ಲೇ, ಬಾರೆ ಇತ್ಲಾಗೆ" ಎಂದರು ಬ್ಯಾಟರಾಯಪ್ಪನವರು. ದನಿ ಸಣ್ಣದಾಗಿತ್ತು, ಗದರಿಕೆ ಮಾತ್ರ ಹಳೆಯದೇ. "ನಲವತ್ತೊರ್ಸ ನೀನಿಕ್ಕಿದ್ದನ್ನೇ ನುಂಗಿರೋನು ನಾನು. ಒಂದ್ಸಲ ಎಡವಟ್ಟಾಯ್ತು, ಆಯ್ತು. ಈಗ ಬ್ಯಾರೇವ್ರು ಕೊಟ್ರೆ ಇಳೀತಾ ಇಲ್ಲ, ನಾನೇನ್ ಮಾಡ್ಲಿ?"

ಕ್ಷಕಿರಣ ತಾಗದಂತೆ ನರ್ಸ್ ದ್ರೌಪದಮ್ಮನವರ ಮೈಮೇಲೆ ಸೀಸದ ಭಾರದ ಅಂಗಿ ಹೊದಿಸಿದಳು. ಅವರು ಲೋಟ ತೆಗೆದುಕೊಂಡರು. ಸತ್ಯವತಿ ಹೋಗಿ ಅತ್ತೆಯ ಕೈಯ ಕೆಳಗೆ ತನ್ನ ಕೈ ಕೊಟ್ಟಳು. ಲೋಟ ತುಟಿಗೆ ಮುಟ್ಟಿತು. ಯಾರೂ ನುಂಗೆಂದು ಹೇಳಲಿಲ್ಲ. ಬ್ಯಾಟರಾಯಪ್ಪನವರು ಹೆಂಡತಿಯ ಮುಖ ನೋಡಿದರು, ಗಂಟಲ ಗಂಟು ಮೇಲೆದ್ದಿತು, ಇಳಿಯಿತು.

ತೆರೆಯ ಮೇಲೆ ಕಪ್ಪು ಗೆರೆಯೊಂದು ಹುಟ್ಟಿತು. ಕತ್ತಿನಿಂದ ಇಳಿದು, ಎದೆಯ ಮೊದಲಲ್ಲಿ, ಡಾಕ್ಟರ್ ಪೆನ್ಸಿಲಿನಿಂದ ಗುರುತು ಮಾಡಿದ್ದ ಜಾಗದಲ್ಲೇ ನಿಂತಿತು. ಗೆರೆ ಕೊಂಚ ಉಬ್ಬಿತು, ಹಿಂದಿನ ಗೋಡೆ ಮೆಲ್ಲಗೆ ಕೂಡಿಕೊಂಡಿತು, ಮುಂದಿನದು ತೆರೆಯಿತು, ಗೆರೆ ಮುಂದಕ್ಕೆ ಹೊರಟಿತು. ಪಕ್ಕಕ್ಕೆ ಒಂದು ಎಳೆಯೂ ಒಡೆಯಲಿಲ್ಲ. ಮಸುಕಾಗಿ ಮಿಡಿಯುತ್ತಿದ್ದ ದೊಡ್ಡ ನೆರಳೊಂದರ ಹಿಂದೆ ಹಾದು, ಆತುರವಿಲ್ಲದೆ, ಹೊಟ್ಟೆಯೊಳಗೆ ಹರಡಿಕೊಂಡಿತು.

"ಸೋರ್ತಾ ಇಲ್ಲ" ಎಂದರು ಡಾಕ್ಟರ್. ಅವರ ದನಿಯೂ ಮೆತ್ತಗಾಗಿತ್ತು. "ಕೂಡಿಬಿಟ್ಟಿದೆ."

ದ್ರೌಪದಮ್ಮನವರು ತೆರೆಯಿಂದ ಕಣ್ಣು ಕೀಳಲಿಲ್ಲ. "ಅದೇನು ಡಾಕ್ಟ್ರೇ, ಅಲ್ಲಿ ಬಡ್ಕೊತಾ ಇರೋದು?"

"ಅವರ ಹೃದಯ ಅಮ್ಮ."

"ನಾನ್ ಕೊಟ್ಟಿದ್ದು ಅದ್ರ ಇಂದ್ಗಡೆ ಓಯ್ತಾ?"

"ಹೌದು. ದಿನಾ ಹಾಗೇ ಹೋಗೋದು."

ಅವರು ಎರಡೂ ಕೈಗಳನ್ನು ಲೋಟದ ಸಮೇತ ಜೋಡಿಸಿ ಆ ತೆರೆಗೆ ಮುಗಿದರು. ಸತ್ಯವತಿಯೂ ಮುಗಿದಳು, ಯಾರಿಗೆಂದು ಗೊತ್ತಾಗದೆ. ನಡುವೆ ನಿಂತಿದ್ದ ಬ್ಯಾಟರಾಯಪ್ಪನವರಿಗೆ ತಮ್ಮ ಒಳಗಿನದೇನೂ ಕಾಣುತ್ತಿರಲಿಲ್ಲ. ಅವರು ಮುಖ ಹಿಂಡಿಕೊಂಡು ನಾಲಗೆ ಚಪ್ಪರಿಸಿದರು.

"ಥೂ, ಬೇವಿಗಿಂತ ಕಯ್ಯಿ!" ಎಂದರು. ಆಮೇಲೆ ಕಣ್ಣರಳಿಸಿ, "ಕಯ್ಯಿ ಗೊತ್ತಾಯ್ತಾ ಅದೆ ಕಣೆ. ಇನ್ನೊಂದ್ ಗುಟುಕು ಕೊಡು" ಅಂದರು.

ದ್ರೌಪದಮ್ಮನವರು ಕೊಟ್ಟರು.